ಕಾರಿನ ನೆಲ ಕೊಯ್ಯುವವನ ಅನುಮಾನಗಳು

ಬಾಳೆಹಣ್ಣು ಕೊಳ್ಳುವಾಗಲೂ ನಾನು ಚಿಪ್ಪನ್ನು ತಿರುಗಿಸಿ ಹಿಂಬದಿ ನೋಡುತ್ತೇನೆ ಎಂದು ನನ್ನ ಹೆಂಡತಿಯ ದೂರು. ಮಗಳ ಮದುವೆಯಲ್ಲಿ ಚಪ್ಪರದವನು ಕಟ್ಟಿದ ಗಂಟುಗಳನ್ನೆಲ್ಲ ಜಗ್ಗಿ ನೋಡಿ ಬೀಗರೆದುರು ಮರ್ಯಾದೆ ಕಳೆದೆನಂತೆ. ಇರಬಹುದು. ಹೊನ್ನಾವರದ ಹೆದ್ದಾರಿ ಬದಿಯ ಶೆಡ್ಡಿನಲ್ಲಿ ಕಾರುಗಳ ನೆಲ ಕೊಯ್ದು ಬೆಸೆದು ಬದುಕು ಕಳೆದವನಿಗೆ ಅನುಮಾನ ಎನ್ನುವುದು ದುರ್ಗುಣ ಅಲ್ಲ, ಅದೊಂದು ಉಪಕರಣ. ಸುತ್ತಿಗೆ ಮರೆತು ಬಂದರೆ ಪಕ್ಕದ ಗ್ಯಾರೇಜಿನಿಂದ ಕೇಳಿ ತರಬಹುದು. ಅನುಮಾನ ಮರೆತು ಬಂದರೆ ಯಾರೂ ಕೊಡುವುದಿಲ್ಲ.

ಈಗ ಕಣ್ಣು ಮಂಜಾಗಿದೆ, ಸೊಂಟ ಬಗ್ಗುವುದಿಲ್ಲ, ಶೆಡ್ಡು ಬೇರೆಯವರಿಗೆ ಕೊಟ್ಟಿದ್ದೇನೆ. ಸಂಜೆ ಅಲ್ಲೇ ಹೋಗಿ ಕೂತರೆ ಹೊಸದಾಗಿ ಟಿಂಕರಿಂಗ್ ಕಲಿಯಲು ಬಂದವರು ಕೇಳುತ್ತಾರೆ, “ಹಿಂದೆ ನೀವೆಲ್ಲ ಎಂತ ಮಾಡ್ತಿದ್ರಿ ಗಜಾನನಣ್ಣ? ಬಾಡಿ ಪಾರ್ಟು ರೆಡಿಮೇಡ್ ಬರ್ತಿರ್ಲಿಲ್ವಲ್ಲ.” ಅವರಿಗೆ ಬಾಯಲ್ಲಿ ಹೇಳಿದರೆ ಅರ್ಧ ಕೇಳಿ ಮೊಬೈಲು ನೋಡುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಗೆ ನಮ್ಮ ಕಡೆ, ಅಂದರೆ ಭಟ್ಕಳದಿಂದ ಕುಮಟಾದವರೆಗೆ, ಹಳೇ ಅಂಬಾಸಡರ್‌ಗಳಿಗೆ ಒಂದು ಹುಚ್ಚು ಹಿಡಿಯಿತು. ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸುವುದು, ಅದರ ಜೊತೆಗೆ ಐದು ಗೇರಿನ ಪೆಟ್ಟಿಗೆ ಹಾಕುವುದು. ಆ ಹಳೇ ಕಾರುಗಳಲ್ಲಿ ಗೇರಿನ ಕಡ್ಡಿ ಸ್ಟೇರಿಂಗಿನ ಪಕ್ಕದಲ್ಲೇ ಇರುತ್ತಿತ್ತು, ಪೆಟ್ಟಿಗೆಯೂ ಸಣ್ಣದು. ಹೊಸದು ಉದ್ದ, ಡೊಳ್ಳುಹೊಟ್ಟೆಯದು, ಕಡ್ಡಿ ನೆಲದಿಂದ ಮೇಲೆ ಬರುತ್ತದೆ. ನೆಲದ ನಡುವಿನ ಉಬ್ಬಿನೊಳಗೆ ಅದು ಹಿಡಿಯುವುದಿಲ್ಲ. ಮೆಕ್ಯಾನಿಕ್ ಎಂಜಿನ್ ಇಳಿಸಿ, ಎರಡು ಸಲ ಎತ್ತಿ ನೋಡಿ, “ಗಜಾನನನ್ನು ಕರೀರಿ” ಎಂದು ಬೀಡಿ ಹಚ್ಚುತ್ತಿದ್ದ. ಆಮೇಲಿನದು ನನ್ನ ಕೆಲಸ. ಉಬ್ಬನ್ನು ಕೊಯ್ದು ತೆಗೆಯುವುದು, ಹಳೇ ಕ್ಯಾಲೆಂಡರಿನ ರಟ್ಟಿನಲ್ಲಿ ಹೊಸ ಉಬ್ಬಿನ ಅಳತೆ ಹಿಡಿಯುವುದು, ಶೀಟು ಬಡಿದು ಬಗ್ಗಿಸಿ ಬೆಸೆಯುವುದು.

ನೆಲ ಕೊಯ್ದು ಬೆಸೆಯುವುದನ್ನು ಅದಕ್ಕೂ ಎಷ್ಟೋ ಮೊದಲೇ ನನಗೆ ಕಲಿಸಿದವರು ಭಟ್ಕಳದ ಉಸ್ತಾದ್. ಅವರ ಹೆಸರು ಬೇರೆ ಇತ್ತು. ಆದರೆ ಊರಲ್ಲಿ ಯಾರೂ ಹೆಸರಿನಿಂದ ಕರೆದದ್ದು ನಾನು ಕೇಳಿಲ್ಲ. ಎಡಗೈಯವರು. ಗ್ಯಾಸಿನ ಟಾರ್ಚು ಎಡಗೈಯಲ್ಲಿ ಹಿಡಿದು ಎಡದಿಂದ ಬಲಕ್ಕೆ ಬೆಸುಗೆ ಎಳೆದುಕೊಂಡು ಹೋದರೆ ಮೀನಿನ ಹೊಟ್ಟೆಯ ಚಿಪ್ಪಿನ ಹಾಗೆ ಸಾಲು ಸಾಲು ಅಲೆ ಮೂಡುತ್ತಿತ್ತು. ಮನೆಯಲ್ಲಿ ನವಾಯತಿ, ಗ್ಯಾರೇಜಿನಲ್ಲಿ ಉರ್ದು, ನನ್ನ ಹತ್ತಿರ ಕನ್ನಡ. ಸಿಟ್ಟು ಬಂದರೆ ಮೂರೂ ಒಟ್ಟಿಗೆ.

ಮೊದಲ ದಿನವೇ ಅವರು ಕಲಿಸಿದ್ದು ಬೆಸುಗೆ ಅಲ್ಲ. ಒಂದು ಕಾರಿನ ಎದುರು ನಿಲ್ಲಿಸಿ ಕೇಳಿದರು: “ಇದರ ನೆಲ ಹೇಗುಂಟು?”

“ಚೆಂದ ಉಂಟು ಉಸ್ತಾದ್.”

“ಮ್ಯಾಟು ಚೆಂದ ಉಂಟು. ನೆಲ ನೋಡಿದ್ಯಾ ನೀನು?”

ಮ್ಯಾಟು ಎತ್ತಿದರೆ ಕೆಳಗೆ ಮರದ ಹಲಗೆ ಕೊಯ್ದು ಕೂರಿಸಿದ್ದರು, ಅದರ ಮೇಲೆ ಡಾಂಬರು. ನಮ್ಮದು ಉಪ್ಪುಗಾಳಿಯ ಊರು. ಮೀನಿನ ಬುಟ್ಟಿ ಹೇರಿದ ಕಾರಿನ ನೆಲವಂತೂ ನಾಲ್ಕು ಮಳೆಗಾಲ ಕಾಣುವುದಿಲ್ಲ. ಉಸ್ತಾದ್ ಹೇಳಿದರು: “ಗಜಾ, ಮಾಲೀಕ ಹೇಳೂದು ನಂಬಬೇಡ. ಹಳೇ ಟಿಂಕರ್ ಮಾಡಿದ್ದು ನಂಬಬೇಡ. ನಿನ್ನೆ ನೀನೇ ಮಾಡಿದ್ದೂ ಇವತ್ತು ಬಡಿದು ನೋಡು. ಮತ್ತೆ ಒಂದು ಮಾತು. ಎಂತ ಬೇಕಾದ್ರೂ ಕೊಯ್ಯಿ, ಕ್ರಾಸ್ ಮೆಂಬರ್ ಮುಟ್ಟಬೇಡ.”

ಕ್ರಾಸ್ ಮೆಂಬರ್ ಎಂದರೆ ಮುಂದಿನ ಸೀಟಿನ ಕೆಳಗೆ ಅಡ್ಡಕ್ಕೆ ಹೋಗುವ ಗಟ್ಟಿ ಪಟ್ಟಿ. ಮನೆಗೆ ತೊಲೆ ಇದ್ದ ಹಾಗೆ. ಲಾರಿಗಾದರೆ ಕೆಳಗೆ ಬೇರೆ ಚಾಸಿ ಉಂಟು. ಅಂಬಾಸಡರ್‌ಗೆ ನೆಲವೇ ಚಾಸಿ. ಮುಂದಿನ ಚಕ್ರಗಳ ಭಾರ ಹೊರುವ ಸರಳುಗಳು ಬಂದು ಕಚ್ಚುವುದೂ ಆ ಅಡ್ಡಪಟ್ಟಿಯನ್ನೇ. ಅದನ್ನು ಕೊಯ್ದರೆ ಕಾರು ಆ ಕ್ಷಣಕ್ಕೆ ಮುರಿಯುವುದಿಲ್ಲ. ನಿಧಾನಕ್ಕೆ ನಡು ಬಿಡುತ್ತದೆ. ಒಂದು ದಿನ ಗುಂಡಿಗೆ ಹಾರಿದಾಗ ಮುಂದಿನ ಚಕ್ರ ಒಂದು ಕಡೆ, ಜನ ಒಂದು ಕಡೆ.

ಭಟ್ಕಳದಲ್ಲಿ ಕಲಿತು ಹೊನ್ನಾವರದಲ್ಲಿ ಶೆಡ್ಡು ಹಾಕಿದ ಮೇಲೆ ನನ್ನ ಅನುಮಾನಕ್ಕೆ ಮೇವು ಧಾರಾಳ ಸಿಕ್ಕಿತು. ಗೋಕರ್ಣದ ಕಡೆಯಿಂದ ಒಬ್ಬ ಬಂದ. ಓಂ ಬೀಚಿಗೆ ಬರುವ ಫಾರಿನ್ನಿನವರನ್ನು ಸುತ್ತಿಸುವವನು. ಗೇರ್‌ಪೆಟ್ಟಿಗೆಗೆ ಜಾಗ ಮಾಡುವಾಗ ಉಬ್ಬನ್ನು ಬೇಕಾದ್ದಕ್ಕಿಂತ ಒಂದು ಗೇಣು ಅಗಲ ಮಾಡಿ, ಒಳಗೆ ತಗಡಿನ ಗೋಡೆ ಹಾಕಿ, ಮೇಲೊಂದು ಮುಚ್ಚಳ ಇಡು ಎಂದ. ಎಂತಕ್ಕೆ ಎಂದು ಕೇಳಿದೆ. “ನೀರಿನ ಬಾಟ್ಲಿ ಇಡೂಕೆ” ಎಂದ. ಗೇರ್‌ಪೆಟ್ಟಿಗೆಯ ಬಿಸಿಯ ಪಕ್ಕದಲ್ಲಿ ಯಾರು ನೀರು ಇಡುತ್ತಾರೆ ಮಾರಾಯ? ಗೋವಾ ಗಡಿ ದೂರ ಇಲ್ಲ. ಬಾಟ್ಲಿ ನಿಜವೇ ಇರಬಹುದು, ಒಳಗಿನದು ನೀರಲ್ಲ. ಆಗುವುದಿಲ್ಲ ಎಂದೆ. ಅವನು ನಗುತ್ತಲೇ ಹೋದ. ಆರು ತಿಂಗಳ ನಂತರ ಅದೇ ಕಾರು ಹೆದ್ದಾರಿಯಲ್ಲಿ ಕಂಡಿತು, ಅವನೇ ಓಡಿಸುತ್ತಿದ್ದ, ಕೈ ಬೀಸಿದ. ಮುಚ್ಚಳ ಯಾರಿಂದ ಹಾಕಿಸಿದನೋ, ಒಳಗೆ ಎಂತ ಇಟ್ಟನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಮಾಡಿದ್ದು ನಾನಲ್ಲವಲ್ಲ, ನಿದ್ದೆ ಬಂತು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಾನಿಯಲ್ಲಿ ಬಿದ್ದ ಹಾಗೆ ನಾನೇ ಬಿದ್ದ ಕಥೆಯೂ ಉಂಟು. ಗೇರ್‌ಪೆಟ್ಟಿಗೆಗೂ ಉಬ್ಬಿಗೂ ನಡುವೆ ಎರಡು ಬೆರಳು ಸಂದು ಬಿಡಬೇಕು, ಯಾಕೆಂದರೆ ಎಂಜಿನ್ ರಬ್ಬರಿನ ಮೇಲೆ ಕೂತಿರುತ್ತದೆ, ಕುಣಿಯುತ್ತದೆ. ಒಬ್ಬ ಮೇಷ್ಟ್ರ ಕಾರಿಗೆ ನಾನು ಸಂದೇ ಬಿಡದೆ ದರ್ಜಿಯವನ ಹಾಗೆ ಮೈಗೊಪ್ಪುವ ಉಬ್ಬು ಹೊಲಿದೆ. ನೋಡಲು ಬಹಳ ಚೆಂದ. ಹಳದೀಪುರದ ಉಬ್ಬುರಸ್ತೆ ದಾಟುವಾಗ ನೆಲದಿಂದ ಡಬ್ ಎಂದು ಸದ್ದು. ಮೇಷ್ಟ್ರು ವಾಪಸು ತಂದರು. ನಾನು ಮೇಷ್ಟ್ರನ್ನೇ ಅನುಮಾನಿಸಿದೆ, ಡಿಕ್ಕಿಯಲ್ಲಿ ತೆಂಗಿನಕಾಯಿ ಹಾಕಿಕೊಂಡಿದ್ದೀರಾ ಎಂದೆ. ಪಾಪ, ಅವರು ಡಿಕ್ಕಿ ತೆಗೆದು ತೋರಿಸಿದರು. ಸ್ಟೆಪ್ನಿ ಬಿಟ್ಟರೆ ಬೇರೇನಿಲ್ಲ. ಪಕ್ಕದ ಚಹಾದಂಗಡಿಯವರು ಒಂದು ತಿಂಗಳು ನನ್ನನ್ನು “ಡಬ್ ಆಚಾರಿ” ಎಂದು ಕರೆದರು.

ಇನ್ನು ಹೇಳಬೇಕಾದ್ದು ಮಾಸ್ತಿಯ ಕಾರಿನದು. ಇದು ಎರಡು ಸಾವಿರದ ಇಸವಿಯ ನಂತರದ ಮಾತು.

ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಗುತ್ತಿತ್ತು. ಉಳಿ ಹೊಡೆದು ಶೀಟು ಕೊಯ್ಯುವ ಬದಲು ಗ್ರೈಂಡರ್ ಬಂತು. ಕುಮಟಾದಲ್ಲಿ ಸುಭಾಸ ಎಂಬ ಹೊಸ ಟಿಂಕರ್ ತಂತಿ ತಾನೇ ಹೊರಬರುವ ವೆಲ್ಡಿಂಗ್ ಮಷಿನ್ ತಂದಿದ್ದ. ಬಂದೂಕಿನ ಹಾಗೆ ಹಿಡಿದು ಕುದುರೆ ಒತ್ತಿದರೆ ಸಾಕು. ನಾವು ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಮಾಡುವುದನ್ನು ಅವನು ಚಹಾ ಬರುವುದರೊಳಗೆ ಮುಗಿಸುತ್ತಾನೆ ಎಂದು ಡ್ರೈವರುಗಳು ನನ್ನೆದುರೇ ಹೊಗಳುತ್ತಿದ್ದರು. ಬೇಗ ಆದದ್ದೆಲ್ಲ ಬೇಗ ಬಿಡುತ್ತದೆ ಎಂದು ನಾನು ಹೇಳಿಕೊಂಡು ತಿರುಗಿದೆ. ಹೊಟ್ಟೆಕಿಚ್ಚು ಅನ್ನಿ, ಅನುಮಾನ ಅನ್ನಿ, ಎರಡೂ ಅಕ್ಕತಂಗಿಯರು.

ಮಾಸ್ತಿ ಹಿರೇಗುತ್ತಿಯವನು. ಸೀಟಿನ ಲೆಕ್ಕದಲ್ಲಿ ಜನ ತುಂಬಿಸಿಕೊಂಡು ಓಡಿಸುವ ಬಾಡಿಗೆ ಕಾರು ಅವನದು. ಆ ಕಾರುಗಳಲ್ಲಿ ಒಂದು ಪದ್ಧತಿ ಇತ್ತು. ಹಿಂದೆ ಆರು, ಮುಂದೆ ಡ್ರೈವರ್ ಸೇರಿ ನಾಲ್ಕು. ಮುಂದಿನದು ಒಂದೇ ಉದ್ದ ಸೀಟು. ಡ್ರೈವರ್ ಅರ್ಧ ಕುಂಡೆ ಸೀಟಿನ ಮೇಲೆ, ಅರ್ಧ ಬಾಗಿಲಿಗೆ ಒರಗಿ, ಒಂದು ಕೈ ಹೊರಗೆ ಹಾಕಿ ಓಡಿಸಬೇಕು. ಹಳೇ ಗೇರಿನಲ್ಲಿ ಅದು ನಡೆಯಿತು. ಐದು ಗೇರು ಬಂದದ್ದೇ ತಾಪತ್ರಯ ಶುರು. ನೆಲದ ಉಬ್ಬು ಎತ್ತರವಾದರೆ ನಡುವೆ ಕೂತವನಿಗೆ ಕಾಲಿಡಲು ಜಾಗ ಇಲ್ಲ, ಕಡ್ಡಿ ಅವನ ಮೊಣಕಾಲಿಗೆ ಬಡಿಯುತ್ತದೆ. ಮುಂದೆ ಮೂರೇ ಜನ ಕೂರಿಸಿರಿ ಎಂದರೆ ಡ್ರೈವರುಗಳು ನನ್ನ ಮುಖವನ್ನು ಹುಚ್ಚನ ಮುಖದ ಹಾಗೆ ನೋಡುತ್ತಿದ್ದರು. “ಉಬ್ಬು ತಗ್ಗಿಸಿ ಕೊಡಣ್ಣ, ಪೆಟ್ಟಿಗೆ ಸ್ವಲ್ಪ ಕೆಳಗೆ ಇಳಿಸು” ಎನ್ನುತ್ತಿದ್ದರು. ಕೆಳಗೆ ಇಳಿಸಲು ಅಡ್ಡಪಟ್ಟಿ ಅಡ್ಡ ಬರುತ್ತದೆ. ನಾನು ಒಬ್ಬರಿಗೂ ಮಾಡಿಕೊಡಲಿಲ್ಲ.

ಮಾಸ್ತಿ ಬಂದದ್ದು ಬಾಗಿಲಿನ ದೂರು ತೆಗೆದುಕೊಂಡು.

“ಅಣ್ಣ, ಎಡಗಡೆ ಬಾಗ್ಲು ಹಾಕೂಕೆ ಆಗೂದಿಲ್ಲ. ಹಿಂಜ್ ಒಂಚೂರು ಎತ್ತಿಕೊಡು.”

ನಾನು ಬಾಗಿಲು ಹಾಕಿದೆ. ಸಲೀಸಾಗಿ ಬಿತ್ತು. “ಎಂತ ಆಗಿದೆ ಇದಕ್ಕೆ? ಸರಿ ಉಂಟಲ್ಲ.”

“ಖಾಲಿ ಇದ್ದಾಗ ಸರಿಯೇ ಅಣ್ಣ. ಜನ ತುಂಬಿದ್ಮೇಲೆ ಕಚ್ತದೆ.”

ಭಾರ ಬಿದ್ದಾಗ ಬಾಗಿಲಿನ ಚೌಕಟ್ಟು ಓರೆಯಾಗುತ್ತದೆ ಎಂದರೆ ನೆಲ ಬಗ್ಗುತ್ತಿದೆ. ಮ್ಯಾಟು ಎತ್ತಿದೆ. ಉಬ್ಬು ಬಹಳ ತಗ್ಗು, ಬೆಸುಗೆ ನುಣ್ಣಗೆ, ಮೇಲೆ ಬಣ್ಣ. ಜಾಕ್ ಕೊಟ್ಟು ಒಂದು ಬದಿ ಎತ್ತಿ ಕೆಳಗೆ ತಲೆ ಹಾಕಿದೆ. ಎಲ್ಲ ಕಡೆ ಹೊಸ ಡಾಂಬರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ. ಕಪ್ಪಗಿರುವುದೆಲ್ಲ ಬಂದೋಬಸ್ತೂ ಅಲ್ಲ. ಸ್ಕ್ರೂ ಡ್ರೈವರಿನಿಂದ ಕೆರೆದೆ. ಅಡ್ಡಪಟ್ಟಿ ನಡುವಿನಲ್ಲಿ ಇರಲಿಲ್ಲ. ಎರಡೂ ಕಡೆಯಿಂದ ಬಂದು, ಗೇರ್‌ಪೆಟ್ಟಿಗೆಯ ಹತ್ತಿರ ಕೊಯ್ದು, ತುದಿಗಳಿಗೆ ತಗಡು ಮುಚ್ಚಿ ಬಿಟ್ಟಿದ್ದರು.

“ಇದನ್ನು ಯಾರು ಮಾಡಿದ್ದು?”

“ನಂಗೆ ಗೊತ್ತಿಲ್ಲ ಅಣ್ಣ. ನಾ ತಕಂಡದ್ದೇ ಹೀಂಗೆ. ಕುಮಟಾದಲ್ಲಿ ಮಾಡಿಸಿದ್ದು ಅಂದಿದ್ರು.”

ಕುಮಟಾ ಎಂದರೆ ಸುಭಾಸ. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ ಆಯಿತು, ಸುಳ್ಳು ಯಾಕೆ ಹೇಳಲಿ. ಹೆದರಿಕೆಯೂ ಆಯಿತು. ಮಾಸ್ತಿ ದಿನವೂ ಒಂಬತ್ತು ಜನ ತುಂಬಿಸಿಕೊಂಡು ಶರಾವತಿ ಸೇತುವೆ ದಾಟುತ್ತಾನೆ. ಅದರಲ್ಲಿ ಬುಟ್ಟಿ ಹಿಡಿದ ಹೆಂಗಸರು, ಕಾಲೇಜಿನ ಹುಡುಗಿಯರು, ಆಸ್ಪತ್ರೆಗೆ ಹೊರಟ ಬಸುರಿಯರು. “ಈ ಕಾರಿಗೆ ನಾಳೆಯಿಂದ ಜನ ಹತ್ತಿಸಬೇಡ” ಎಂದೆ. ಅವನ ಮುಖ ಸಣ್ಣದಾಯಿತು. “ಹಂಗಾರೆ ನಾ ಎಂತ ತಿನ್ನೂದು ಅಣ್ಣ?” ಎಂದ.

ಅವನನ್ನೇ ಕೂರಿಸಿಕೊಂಡು, ಅದೇ ಕಾರನ್ನು ನಿಧಾನಕ್ಕೆ ಓಡಿಸಿಕೊಂಡು ಕುಮಟಾಕ್ಕೆ ಹೋದೆ. ಸುಭಾಸ ಕನ್ನಡಕ ಎತ್ತಿ ನಮಸ್ಕಾರ ಮಾಡಿದ. ನಾನು ನಮಸ್ಕಾರ ತೆಗೆದುಕೊಳ್ಳದೆ ಜೋರು ಮಾಡಿದೆ. ಅವನು ಪೂರಾ ಕೇಳಿದ. ಆಮೇಲೆ ಮ್ಯಾಟು ಎತ್ತಿ, ಬಣ್ಣ ಉಜ್ಜಿ, ಬೆಸುಗೆಯ ಸಾಲನ್ನು ಬೆರಳಲ್ಲಿ ಸವರಿದ.

“ಆಚಾರಿ ಅಣ್ಣ, ಇದು ನನ್ನ ಮಷಿನ್ನಿದಲ್ಲ. ಇದು ಗ್ಯಾಸು. ನಂಗೆ ಗ್ಯಾಸಲ್ಲಿ ಇಷ್ಟು ಚೆಂದ ಬರೂದೇ ಇಲ್ಲ.” ಆಮೇಲೆ ಇನ್ನೊಮ್ಮೆ ಬೆರಳಾಡಿಸಿ, “ಮತ್ತೆ ನೋಡಿ, ಅಲೆ ಎಲ್ಲ ಉಲ್ಟಾ ಬಿದ್ದಿದೆ. ಬಲಗೈಯವ ಮಾಡಿದ್ದಲ್ಲ ಇದು” ಎಂದ.

ನಾನು ಬಗ್ಗಿ ನೋಡಿದೆ. ಎಡದಿಂದ ಬಲಕ್ಕೆ, ಮೀನಿನ ಚಿಪ್ಪಿನ ಹಾಗೆ, ಒಂದರ ಮೇಲೊಂದು ಒರಗಿದ ಅಲೆಗಳು. ಹನ್ನೆರಡು ವರ್ಷ ಪಕ್ಕದಲ್ಲಿ ನಿಂತು ನೋಡಿದ ಬೆಸುಗೆ. ಬಣ್ಣದ ಕೆಳಗಿದ್ದರೂ ಕುರುಡನ ಕೈಗೂ ಸಿಗಬೇಕಿತ್ತು. ನನಗೇ ಸಿಕ್ಕಿರಲಿಲ್ಲ. ಯಾಕೆಂದರೆ ನಾನು ಅದರಲ್ಲಿ ಸುಭಾಸನನ್ನು ಹುಡುಕುತ್ತಿದ್ದೆ.

ಸುಭಾಸನಿಗೆ ಗೊತ್ತಾಯಿತೋ ಇಲ್ಲವೋ, ಅವನು ಹೆಸರು ಹೇಳಲಿಲ್ಲ. ಚಹಾ ತರಿಸಿದ. ನಾನು ಕುಡಿಯದೆ ಕಾರನ್ನು ಭಟ್ಕಳದ ಕಡೆ ತಿರುಗಿಸಿದೆ.

ಕುಮಟಾದಿಂದ ಭಟ್ಕಳದವರೆಗಿನ ಆ ದಾರಿ ನನಗೆ ಯಾವತ್ತೂ ಅಷ್ಟು ಉದ್ದ ಅನ್ನಿಸಿರಲಿಲ್ಲ. ಪ್ರತಿ ಗುಂಡಿಗೂ ನೆಲ ಕಿರ್ ಎನ್ನುತ್ತಿತ್ತು. ಮಾಸ್ತಿ ಪಕ್ಕದಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ನನ್ನ ತಲೆಯೊಳಗೆ ಒಂದೇ ಪ್ರಶ್ನೆ. ಮುಟ್ಟಬೇಡ ಎಂದು ನನಗೆ ಹೇಳಿದ ಮನುಷ್ಯ ತಾನೇ ಕೊಯ್ದರೆ, ಅವರಿಂದ ನಾನು ಕಲಿತದ್ದರಲ್ಲಿ ಯಾವುದು ನಿಜ, ಯಾವುದು ಡಾಂಬರು? ವಯಸ್ಸಾಯಿತೇ? ಕಣ್ಣು ಹೋಯಿತೇ? ಅಥವಾ ಮೊದಲಿಂದಲೂ ಹೀಗೆಯೇ ಇದ್ದರೇ? ಅಪ್ಪನ ಬಗ್ಗೆಯೂ ನಾನು ಅಷ್ಟು ಕೆಟ್ಟದಾಗಿ ಯೋಚಿಸಿರಲಿಲ್ಲ.

ಉಸ್ತಾದ್ ಗ್ಯಾರೇಜಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಕಾರು ನೋಡಿದ್ದೇ ಗುರುತು ಹಿಡಿದರು.

“ಅರೇ, ಇದು ನನ್ನ ಕೆಲಸ. ಗೇರು ಹೇಗೆ ಬೀಳ್ತದೆ? ಬೆಣ್ಣೆ ಅಲ್ಲ?”

ಮುಚ್ಚಿಡಲಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ಬರಿಸಿತು. ಗ್ಯಾರೇಜಿನಲ್ಲಿ ಗಿರಾಕಿಗಳು ನಿಂತಿದ್ದರು. ಅವರೆದುರೇ ಕೇಳಿದೆ: “ಉಸ್ತಾದ್, ಕ್ರಾಸ್ ಮೆಂಬರ್ ಕೊಯ್ದದ್ದೂ ನಿಮ್ಮ ಕೆಲಸವಾ?”

“ಹೌದು.”

“ನನಗೆ ಮುಟ್ಟಬೇಡ ಅಂದವರು ಯಾರು?”

ಗುರುವಿಗೇ ತಿರುಮಂತ್ರ ಹಾಕುತ್ತಿದ್ದೇನೆ ಎಂದು ಗೊತ್ತಿತ್ತು. ಬಾಯಿ ನಿಲ್ಲಲಿಲ್ಲ. ಜನ ಸಾಯುತ್ತಾರೆ, ಡಾಂಬರು ಬಳಿದು ಮುಚ್ಚಿದ್ದೀರಿ, ಇದಕ್ಕಿಂತ ಮುಚ್ಚಳದ ಪೆಟ್ಟಿಗೆ ಮಾಡಿ ಹೆಂಡ ಸಾಗಿಸುವವನು ಮೇಲು ಎಂದೆಲ್ಲ ಅಂದೆ. ಉಸ್ತಾದ್ ಎದ್ದು ನಿಂತರು. ಮೂರು ಭಾಷೆಯಲ್ಲೂ ಬೈಯಬಹುದೆಂದು ಕಾದೆ. ಬೈಯಲಿಲ್ಲ.

“ಕಾರು ಗುಂಡಿಯ ಮೇಲೆ ತಾ” ಎಂದರು ಅಷ್ಟೇ.

ಅವರಲ್ಲಿ ಕಾರಿನ ಕೆಳಗೆ ನಿಂತು ಕೆಲಸ ಮಾಡುವ ಗುಂಡಿ ಇತ್ತು, ನನ್ನ ಶೆಡ್ಡಿನಲ್ಲಿ ಇರಲಿಲ್ಲ. ಮೆಟ್ಟಿಲು ಹಿಡಿದು ಒಂದೊಂದಾಗಿ ಇಳಿದರು. ಬಲ್ಬು ಎತ್ತಿ ಹಿಡಿದು ನೋಡಿದರು. ಒಂದು ತುದಿಯಿಂದ ಇನ್ನೊಂದು ತುದಿಗೆ ಕೈ ಆಡಿಸಿದರು. ಆಮೇಲೆ, “ಇಲ್ಲಿದ್ದ ಪಟ್ಟಿ ಎಲ್ಲಿ?” ಎಂದರು.

“ಯಾವ ಪಟ್ಟಿ?”

ಅವರು ಕೊಯ್ದ ತುದಿಗಳ ಹತ್ತಿರ ಡಾಂಬರು ಕೆರೆದರು. ಪುಟ್ಟಿ ಉದುರಿತು. ಒಂದು ತೂತು. ಪಕ್ಕದಲ್ಲಿ ಇನ್ನೊಂದು. ಆ ತುದಿಯಲ್ಲೂ ಹಾಗೆಯೇ. ಬೋಲ್ಟು ಕೂತು ಕೂತು ಅಂಚು ಸವೆದು ಹೊಳೆಯುವ ತೂತುಗಳು. ಕೊಯ್ದ ತೊಲೆಗೆ ಉಸ್ತಾದ್ ಕೆಳಗಿನಿಂದ ದಪ್ಪ ಕಬ್ಬಿಣದ ಪಟ್ಟಿಯೊಂದನ್ನು ಸೇತುವೆಯ ಹಾಗೆ ಬಗ್ಗಿಸಿ ಬೋಲ್ಟು ಹಾಕಿ ಬಿಗಿದಿದ್ದರು. ಅದು ಇದ್ದರೆ ತೊಲೆ ಇದ್ದ ಹಾಗೆಯೇ. ಕ್ಲಚ್ ಪ್ಲೇಟು ಹಾಕಲು ಗೇರ್‌ಪೆಟ್ಟಿಗೆ ಇಳಿಸಬೇಕಾದಾಗ ಬಿಚ್ಚಿ, ಮತ್ತೆ ಹಾಕಬೇಕು.

“ಪುಟ್ಟಿ ಹಾಕಿದ್ದು ನಾನಲ್ಲ” ಎಂದರು ಉಸ್ತಾದ್ ಗುಂಡಿಯಿಂದಲೇ. “ಕೇಳು ಅವನನ್ನು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾಸ್ತಿ ಆಗಲೇ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಅಲ್ಲಿಯವರೆಗೆ ನಾನು ಅನುಮಾನಿಸದೆ ಬಿಟ್ಟ ಒಬ್ಬನೇ ಮನುಷ್ಯ ಅವನು. ಬಡವ, ಪೆಚ್ಚುಮೋರೆ ಹಾಕಿಕೊಂಡು ದೂರು ತಂದವನು.

“ಕ್ಲಚ್ ಪ್ಲೇಟ್ ಹಾಕುವಾಗ ಬಿಚ್ಚಿಸಿದ್ದು ಅಣ್ಣ” ಎಂದ, ನೆಲ ನೋಡುತ್ತ. “ಜನ ತುಂಬಿದ್ರೆ ಉಬ್ಬುರಸ್ತೆಗೆಲ್ಲ ಆ ಪಟ್ಟಿ ತಾಗ್ತಿತ್ತು. ಕುಂತವ್ರು ಹೆದ್ರತಿದ್ರು. ಬೇಡ ಅಂದೆ. ಎಲ್ಲರೂ ಬಿಚ್ಚಿದ್ದಾರೆ, ನಾ ಒಬ್ಬನೇ ಅಲ್ಲ. ನಿಂಗೆ ಹೇಳಿದ್ರೆ ಕಾರು ಮುಟ್ಟೂದಿಲ್ಲ ಅಂತ ಕುಮಟಾದ್ದು ಅಂತ ಸುಳ್ಳು ಹೇಳ್ದೆ. ಬಾಗ್ಲು ಒಂದು ಸರಿ ಆದ್ರೆ ಸಾಕಾಗಿತ್ತು.”

ನೋಡಿ, ನಮ್ಮವರ ಬುದ್ಧಿ ಇದು. ಹತ್ತು ಜನರ ಭಾರಕ್ಕೆ ತಾಗುತ್ತದೆ ಎಂದು, ಆ ಹತ್ತು ಜನರ ಭಾರ ಹೊರುವುದನ್ನೇ ಬಿಚ್ಚಿ ಇಟ್ಟರು. ಒಬ್ಬನನ್ನು ಕಡಿಮೆ ಕೂರಿಸುವುದು ಮಾತ್ರ ಯಾರ ತಲೆಗೂ ಹೋಗಲಿಲ್ಲ. ನನಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ನಾಚಿಕೆ ಆಯಿತು, ಉಸ್ತಾದರ ಕಡೆ ನೋಡಲಾಗಲಿಲ್ಲ. ಆದರೂ ನನ್ನೊಳಗಿನ ಪಿಶಾಚಿ ಸುಮ್ಮನಾಗಲಿಲ್ಲ.

“ಉಸ್ತಾದ್, ಒಂದು ಕೇಳ್ತೇನೆ, ಸಿಟ್ಟಾಗಬೇಡಿ. ಮಾಲೀಕನನ್ನು ನಂಬಬೇಡ ಅಂದವರು ನೀವು. ಬಿಚ್ಚಲಿಕ್ಕೆ ಬರುವ ಹಾಗೆ ಮಾಡಿದರೆ ಬಿಚ್ಚುತ್ತಾರೆ ಅಂತ ನಿಮಗೆ ಅನುಮಾನ ಬರ್ಲಿಲ್ವಾ?”

ಅವರು ಗುಂಡಿಯ ಗೋಡೆಗೆ ಒರಗಿ ನಿಂತರು. “ನಾನು ಬೇಡ ಅಂದ್ರೆ ಇನ್ನೊಬ್ಬ ಕೊಯ್ತಿದ್ದ. ಪಟ್ಟಿಯೂ ಹಾಕ್ತಿರ್ಲಿಲ್ಲ. ನಾನು ಬೋಲ್ಟು ಬಿಗಿದು ಕೊಟ್ಟೆ. ಬಿಚ್ಚಬೇಡ ಅಂತ ಪ್ರತಿ ಒಬ್ಬನಿಗೂ ಹೇಳಿದೆ.” ಆಮೇಲೆ ಸ್ವರ ಇಳಿಸಿ, “ಅನುಮಾನ ಬಂದಿತ್ತು ಬೇಟಾ. ಬಂದದ್ದನ್ನು ಬದಿಗಿಟ್ಟೆ. ಅದೇ ತಪ್ಪಾಯ್ತು” ಎಂದರು.

ಅವರ ಬಾಯಿಂದ ತಪ್ಪು ಎಂಬ ಮಾತು ನಾನು ಕೇಳಿದ್ದು ಅದೊಂದೇ ಸಲ. ಅದನ್ನು ಕೇಳಲು ನಾನೇ ಅಷ್ಟು ದೂರ ಬಂದವನು. ಕೇಳಿದ ಮೇಲೆ ಯಾಕೆ ಬಂದೆನೋ ಅನ್ನಿಸಿತು.

ಮಾಸ್ತಿಯ ಕಾರನ್ನು ಉಸ್ತಾದ್ ಹೊರಗೆ ಬಿಡಲಿಲ್ಲ. ಬೀಗದ ಕೈ ಕಿಸೆಗೆ ಹಾಕಿಕೊಂಡರು. ಅದು ಬಹಳ ಬಗ್ಗಿತ್ತು, ಪೂರ್ತಿ ಬಿಚ್ಚಿ ನೆಟ್ಟಗೆ ಮಾಡಬೇಕಿತ್ತು. ಓಡುತ್ತಿದ್ದ ಉಳಿದ ಕಾರುಗಳು ಮೊದಲು ಎಂದರು. ಯಾರ‍್ಯಾರಿಗೆ ಮಾಡಿಕೊಟ್ಟದ್ದು ಎಂದು ಅವರಿಗೆ ಬಾಯಿಪಾಠ ಇತ್ತು. ಭಟ್ಕಳದವರಿಗೆ ಅವರು ಹೇಳಿಕಳಿಸಿದರು, ಹೊನ್ನಾವರದ ಸ್ಟ್ಯಾಂಡಿನಲ್ಲಿ ನಾನು ನಿಂತೆ, ಕುಮಟಾ ಕಡೆಯದನ್ನು ಸುಭಾಸ ನೋಡಿಕೊಂಡ. ಪುಕ್ಕಟೆ ಮಾಡಿಕೊಡುತ್ತೇವೆ ಎಂದರೆ ಡ್ರೈವರುಗಳಿಗೆ ಇನ್ನಷ್ಟು ಸಂಶಯ. “ಎಂತ ಪಾರ್ಟು ಬದ್ಲಿ ಮಾಡೂಕೆ ನೋಡ್ತಿದ್ದೀರಿ?” ಎಂದು ನನ್ನನ್ನೇ ಕೇಳಿದರು. ಇಷ್ಟು ವರ್ಷ ಊರನ್ನೆಲ್ಲ ಅನುಮಾನಿಸಿದವನು ಆ ತಿಂಗಳು ಅದನ್ನೇ ತಿರುಗಿ ಅನುಭವಿಸಿದೆ. ಕೆಲವರನ್ನು ಅವರ ಕಾರಿನ ಕಚ್ಚುವ ಬಾಗಿಲು ತೋರಿಸಿ ನಂಬಿಸಿದೆ, ಕೆಲವರಿಗೆ ಹೆಂಡತಿ ಮಕ್ಕಳನ್ನು ನೆನಪಿಸಿದೆ. ಒಬ್ಬೊಬ್ಬರಾಗಿ ಬಂದರು. ಎಲ್ಲ ಕಾರುಗಳಲ್ಲೂ ಅದೇ ನಾಲ್ಕು ತೂತು, ಅದೇ ಪುಟ್ಟಿ. ಒಂದು ಕಾರು ಮಾತ್ರ ಘಟ್ಟದ ಮೇಲಿನವರಿಗೆ ಮಾರಾಟವಾಗಿತ್ತು. ಯಾಣದ ಜಾತ್ರೆಗೆ ಬಂದಿತ್ತು ಎಂದು ಯಾರೋ ಹೇಳಿದರು, ನಾನೂ ಸುಭಾಸನೂ ಹೋಗಿ ಹುಡುಕಿದೆವು. ಸಿಗಲಿಲ್ಲ.

ಈ ಸಲ ಪಟ್ಟಿಗೆ ಬೋಲ್ಟು ಇಲ್ಲ. ಮೊದಲಿಗಿಂತ ಮೇಲಕ್ಕೆ ಒತ್ತಿ, ನೆಲಕ್ಕೆ ಅಂಟಿಸಿ, ಸುತ್ತಲೂ ಬೆಸುಗೆ. ಅದರಿಂದ ಉಬ್ಬು ಎತ್ತರವಾಯಿತು, ಮುಂದೆ ಮೂರೇ ಜನ. ಡ್ರೈವರುಗಳು ಗೊಣಗಿದರು. ಗೇರ್‌ಪೆಟ್ಟಿಗೆ ಇಳಿಸುವಾಗ ಮೆಕ್ಯಾನಿಕ್‌ಗಳು ನಮ್ಮ ಜನ್ಮ ಜಾಲಾಡಿರಬೇಕು. ಬಯ್ಯಲಿ.

ಕೊನೆಗೆ ಉಳಿದದ್ದು ಮಾಸ್ತಿಯ ಕಾರು. ಬೆಸುಗೆಗೆ ನಾನು ಕೈ ಹಾಕಲು ಹೋದರೆ ಉಸ್ತಾದ್ ಬಿಡಲಿಲ್ಲ. ಕೈ ಸ್ವಲ್ಪ ನಡುಗುತ್ತಿತ್ತು ಅವರದು, ಅದನ್ನು ನಾನು ನೋಡಿದೆ, ನೋಡಿದ್ದನ್ನು ಅವರೂ ನೋಡಿದರು. ಮುಗಿದ ಮೇಲೆ ಪಕ್ಕದ ಸ್ಟ್ಯಾಂಡಿನಿಂದ ಜನ ಕರೆಸಿ ಕಾರು ತುಂಬಿಸಿದರು. ಎಡಗಡೆಯ ಬಾಗಿಲು ಒಂದೇ ಬೆರಳಿಗೆ ಬಿತ್ತು. ಜನರೆಲ್ಲ ಇಳಿದರು.

“ಆತು!” ಎಂದ ಮಾಸ್ತಿ. ಅವನ ಕಣ್ಣಲ್ಲಿ ನೀರಿತ್ತು. ಬೀಗದ ಕೈಗೆ ಕೈ ಚಾಚಿದ.

“ಆಗ್ಲಿಲ್ಲ” ಎಂದರು ಉಸ್ತಾದ್. “ಗಜಾ, ಗುಂಡಿಗೆ ಇಳಿ.” ದೊಡ್ಡ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು. “ಹೊಡಿ.”

ನಾನು ಇಳಿದು, ಅವರ ಬೆಸುಗೆಯ ಮೇಲೆ ಒಂದು ಏಟು ಹಾಕಿದೆ.

“ಹಾಗಲ್ಲ. ಅವತ್ತು ಗಿರಾಕಿಗಳ ಎದುರು ಮಾತಾಡಿದ್ಯಲ್ಲ, ಹಾಗೆ ಹೊಡಿ.”

“ಉಸ್ತಾದ್, ಬೇಡ. ಇದು ಗಟ್ಟಿ ಉಂಟು, ನನಗೆ ಗೊತ್ತು.”

“ನಿನಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಕೈ ನಡುಗಿದ್ದು ನೀನು ನೋಡಿದ್ದಿ. ಹೊಡಿ ಬೇಟಾ.”

ಅವರು ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ ಬಗ್ಗಿದ್ದರು. ಬೆಸುಗೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದರು. ನಾನು ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ಹೆಗಲಿನ ಬಲ ಪೂರ್ತಿ ಬಿಟ್ಟು ಹೊಡೆದೆ. ತುಕ್ಕು, ಕಿಟ್ಟ ಎಲ್ಲ ಕಣ್ಣಿಗೆ ಉದುರಿತು. ಮತ್ತೆ ಹೊಡೆದೆ. ಒಂದು ತುದಿ ಮುಗಿಸಿ ಇನ್ನೊಂದು ತುದಿಗೆ ಹೋದೆ. ಜೀವನದಲ್ಲಿ ಸಾವಿರ ಬೆಸುಗೆ ಬಡಿದು ನೋಡಿದ್ದೇನೆ, ಪ್ರತಿ ಸಲವೂ ಎಲ್ಲೋ ಒಂದು ಕಡೆ ಬಿಡುತ್ತದೆ, ನನ್ನ ಅನುಮಾನ ನಿಜವಾಗುತ್ತದೆ ಎಂದೇ ಬಡಿದವನು. ಅವತ್ತು ಮಾತ್ರ ಕೈ ಸೋಲುವವರೆಗೆ ಹೊಡೆಯುತ್ತ, ಒಳಗೊಳಗೇ ಒಂದೇ ಬೇಡಿಕೊಂಡೆ: ಬಿಡದಿರಲಿ ದೇವರೇ, ಎಲ್ಲೂ ಬಿಡದಿರಲಿ.